ಭಾರ್ಗವಿಯ ಹದಿನೇಳು ಕುಂಡಗಳು

ನಮ್ಮೂರಿನಲ್ಲಿ ಯಾರಿಗಾದರೂ ವರ್ಗವಾದರೆ, ಯಾರ ಮನೆಯ ಹುಡುಗಿಗಾದರೂ ಮದುವೆ ಗೊತ್ತಾದರೆ, ಯಾರಾದರೂ ಹಾಸಿಗೆ ಹಿಡಿದರೆ ಮೊದಲು ನನಗೆ ಹೇಳಿಕಳಿಸುತ್ತಾರೆ. ನಾನು ಕೈ ಬದಲಿಸಿಕೊಡುವವಳು. ಕುಂಡದಲ್ಲಿ ಬೆಳೆದ ಗಿಡ ತನ್ನ ಕೈಯಿಂದ ಮಾತ್ರ ನೀರು ಕುಡಿಯುತ್ತದೆ. ಬೇರೆಯವರು ಹಾಕಿದ ನೀರು ಎಣ್ಣೆಕಾಗದದ ಮೇಲೆ ನಿಂತ ಹಾಗೆ ಮಣ್ಣಿನ ಮೇಲೆ ನಿಂತು, ಅಂಚಿನಿಂದ ಹರಿದು ನೆಲಕ್ಕೆ ಬೀಳುತ್ತದೆ. ಆ ಗಿಡವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾದರೆ ಹಳೆಯ ಕೈ, ಹೊಸ ಕೈ ಎರಡೂ ಒಂದೇ ಚೊಂಬನ್ನು ಹಿಡಿದು ಇಪ್ಪತ್ತೊಂದು ಬೆಳಗು ನೀರು ಹಾಕಬೇಕು. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಕೆ. ಒಪ್ಪಿಸುವ ಮೊದಲೇ ಮನುಷ್ಯ ಹೋಗಿಬಿಟ್ಟರೆ ಗಿಡವೂ ಹೋದ ಹಾಗೆಯೇ. ಕಿತ್ತು ನೆಲದಲ್ಲಿ ನೆಟ್ಟರೂ ಹಿಡಿಯುವುದಿಲ್ಲ, ಅದರ ಕಡ್ಡಿ ಮುರಿದು ಊರಿದರೂ ಬೇರು ಬಿಡುವುದಿಲ್ಲ.

ಇಷ್ಟೆಲ್ಲ ತಾಪತ್ರಯವಿದ್ದರೂ ಕುಂಡವಿಲ್ಲದ ಮನೆ ನಮ್ಮೂರಲ್ಲಿ ಇಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಳರೋಗಿಗಳ ಕುಂಡಗಳಿಗೆಂದೇ ಉದ್ದನೆಯ ಕಲ್ಲಿನ ಹಲಗೆ ಇದೆ. ಹೆರಿಗೆಯಾದ ಮೂರನೆಯ ದಿನಕ್ಕೆ ಬಾಣಂತಿಯರು ಗೋಡೆ ಹಿಡಿದುಕೊಂಡು ಬಂದು ನೀರು ಹಾಕಿ ಹೋಗುತ್ತಾರೆ. ವರ್ಗಾವಣೆಯ ಆದೇಶದಲ್ಲಿ ಒಂದು ತಿಂಗಳ ಗಡುವು ಇರುತ್ತದೆ. ಹೊಸದಾಗಿ ಮದುವೆಯಾದವರು ಇಪ್ಪತ್ತೊಂದು ದಿನ ಒಟ್ಟಿಗೆ ಚೊಂಬು ಹಿಡಿದು, ಆಮೇಲೂ ಇಬ್ಬರೂ ಬಿಡದೆ ಹಾಕುತ್ತಾ ಹೋಗುತ್ತಾರೆ. ಅಂಥ ಗಿಡ ಇಬ್ಬರ ಕೈಯಿಂದಲೂ ಕುಡಿಯುತ್ತದೆ. ಅದಕ್ಕೆ ಜೋಡಿ ಕೈ ಎನ್ನುತ್ತೇವೆ. ಗಂಡ ಹೆಂಡತಿಯರಲ್ಲದೆ ಬೇರೆ ಯಾರಿಗೂ ಜೋಡಿ ಕೈ ಇದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಂಬುಜಾಕ್ಷಿ ಟೀಚರ್ ನನ್ನನ್ನು ಕರೆಸಿದ್ದು ಅವರ ಮಗಳು ತೀರಿಕೊಂಡ ಐದನೆಯ ದಿನ. ಟೀಚರ್ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಉತ್ತರ ಸರಿಯಿದ್ದರೂ ನಡುವೆ ಒಂದು ಮೆಟ್ಟಿಲು ಬಿಟ್ಟರೆ ಹುಡುಗರನ್ನು ಹಲಗೆಯ ಮುಂದೆ ನಿಲ್ಲಿಸುವವರು. ಗಂಡ ಬೇಗ ಹೋದರು. ಒಬ್ಬಳೇ ಮಗಳು ಭಾರ್ಗವಿ, ಇಪ್ಪತ್ತಾರು ವರ್ಷ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ನಾಲ್ಕೇ ದಿನದ ಜ್ವರ. ಕೈ ಬದಲಿಸಲು ಸಮಯವಿರಲಿಲ್ಲ. ಸಮಯವಿದ್ದಿದ್ದರೂ ಜ್ವರದಲ್ಲಿ ಮಲಗಿದ ಮಗಳ ಮುಂದೆ ಆ ಮಾತನ್ನು ಯಾವ ತಾಯಿ ಎತ್ತುತ್ತಾಳೆ?

ಹಿಂದಿನ ವರಾಂಡದಲ್ಲಿ ಹದಿನೇಳು ಕುಂಡಗಳಿದ್ದವು. ಕ್ರೋಟನ್ನುಗಳು, ಜರೀಗಿಡಗಳು, ತೆಂಗಿನ ಚಿಪ್ಪಿನ ಚೂರು ಮತ್ತು ಇದ್ದಿಲಿನಲ್ಲಿ ನೆಟ್ಟ ಒಂದು ಆಂಥೂರಿಯಂ, ಕಿಟಕಿಯ ಸರಳಿಗೆ ಹಬ್ಬಿದ ಮನಿಪ್ಲಾಂಟು, ಮೂಲೆಯಲ್ಲಿ ಎರಡು ಸ್ನೇಕ್ ಪ್ಲಾಂಟು. ಮೆಟ್ಟಿಲ ಪಕ್ಕದಲ್ಲಿ ಬಿಗೋನಿಯಾ. ಎಲೆಯ ಮೇಲೆ ಬೆಳ್ಳಿಯ ಚುಕ್ಕೆ, ಕೆಳಗೆ ಕೆಂಪು, ಟೀಚರ್ ಎದೆಯ ಎತ್ತರಕ್ಕೆ ಬೆಳೆದಿತ್ತು. ಟೀಚರ್ ಅದಕ್ಕೆ ನೀರು ಹಾಕಿ ತೋರಿಸಿದರು. ನೀರು ಮಣ್ಣಿನ ಮೇಲೆ ಕನ್ನಡಿಯ ಹಾಗೆ ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಆಮೇಲೆ ಅದು ಒಂದು ಕಡೆಯಿಂದ ಇಳಿದು ಅವರ ಪಾದದ ಬಳಿ ಹರಿಯಿತು.

"ಎಷ್ಟು ದಿನ ತಡೀತವೆ ಸಾಕಮ್ಮ?"

"ಜರೀಗಿಡ ವಾರ ತಡೆದರೆ ಹೆಚ್ಚು ಟೀಚರ್. ಬಿಗೋನಿಯಾ ಹತ್ತು ದಿನ. ಸ್ನೇಕ್ ಪ್ಲಾಂಟು ಎರಡು ತಿಂಗಳಾದರೂ ಇರುತ್ತೆ."

"ಏನೂ ಮಾಡೋಕಾಗಲ್ವಾ?"

ಈ ಕೆಲಸದ ಇಪ್ಪತ್ತೆಂಟು ವರ್ಷಗಳಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರವೊಂದು ನನಗೆ ಸಿಕ್ಕಿರಲಿಲ್ಲ. ಕೈ ಹೋದ ಕುಂಡಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವುದೂ ನನ್ನದೇ ಕೆಲಸ. ಮನೆಯವರು ಅವು ಒಣಗುವುದನ್ನು ನೋಡುತ್ತಾ ಕೂರಬಾರದು ಅಂತ. "ಹದಿಮೂರರ ಕಾರ್ಯ ಮುಗೀಲಿ. ಆಮೇಲೆ ಬಾ" ಎಂದರು ಟೀಚರ್.

ಹದಿನಾಲ್ಕನೆಯ ದಿನ ಗಾಡಿ ತಳ್ಳಿಕೊಂಡು ಹೋದೆ. ಟೀಚರ್ ಬಾಗಿಲಲ್ಲೇ ನಿಂತಿದ್ದರು. ಮುಖ ಬೇರೆಯಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ನನ್ನ ಕೈ ಹಿಡಿದು ಎಳೆದುಕೊಂಡೇ ಹಿಂದಿನ ವರಾಂಡಕ್ಕೆ ಕರೆದೊಯ್ದರು.

"ಬೆರಳಿಟ್ಟು ನೋಡು."

ಬೆರಳು ಒತ್ತಿದೆ. ಮಣ್ಣು ತಂಪಾಗಿತ್ತು. ಪಕ್ಕದ ಕುಂಡದಲ್ಲೂ, ಅದರ ಪಕ್ಕದ್ದರಲ್ಲೂ. ಸತ್ತೇಹೋಗಬೇಕಿದ್ದ ಜರೀಗಿಡದ ನಡುವಿನಿಂದ ಎಳೆಯ ಸುರುಳಿಯೊಂದು ಏಳುತ್ತಿತ್ತು.

"ಅವಳು ಬರ್ತಾಳೆ ಸಾಕಮ್ಮ" ಎಂದರು ಟೀಚರ್, ಯಾರಿಗೋ ಕೇಳಿಸಬಾರದು ಎನ್ನುವ ಹಾಗೆ. "ಮನೇಲಿ ಕೂರೋಕಾಗದೆ ಸ್ಪೆಷಲ್ ಕ್ಲಾಸಿಗೆ ಹೋಗ್ತಿದೀನಲ್ಲ, ನಾನು ಹೋದ ಮೇಲೆ ಬರ್ತಾಳೆ. ನಾಲ್ಕು ದಿನದಿಂದ ಕಾಫಿ ಮಾಡಿ ಇಡ್ತಿದೀನಿ. ಕುಡಿಯಲ್ಲ. ಆದರೆ ನೀರು ಹಾಕಿ ಹೋಗ್ತಾಳೆ."

ಮೆಟ್ಟಿಲ ಮೇಲೆ ಲೋಟವೊಂದಿತ್ತು. ಮೇಲೆ ತಟ್ಟೆ ಮುಚ್ಚಿತ್ತು. ಸುಳ್ಳು ಲೆಕ್ಕವನ್ನು ಸಹಿಸದ ಹೆಂಗಸು ಆ ಲೋಟದ ಪಕ್ಕದಲ್ಲಿ ಹಸುಗೂಸಿನ ಹಾಗೆ ನಗುತ್ತಾ ನಿಂತಿದ್ದರು. ಗಾಡಿಯನ್ನು ಖಾಲಿಯಾಗಿಯೇ ತಳ್ಳಿಕೊಂಡು ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಟೀಚರ್ ಶಾಲೆಗೆ ಹೋದದ್ದನ್ನು ನೋಡಿಕೊಂಡು ಹಿತ್ತಲ ಒಗೆಯುವ ಕಲ್ಲಿನ ಹಿಂದೆ ಹೋಗಿ ಕುಳಿತೆ. ಏಳೂವರೆಯ ಹೊತ್ತಿಗೆ ಓಣಿಯ ಕಡೆಯ ಸಣ್ಣ ಬಾಗಿಲು ತೆರೆಯಿತು. ಒಳಗೆ ಬಂದವನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಚೆಲುವರಾಜು. ಅವನಪ್ಪ ಬಸ್‌ಸ್ಟ್ಯಾಂಡಿನ ಅರಳಿಕಟ್ಟೆಯ ಬುಡದಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ನನ್ನ ಚಪ್ಪಲಿಯ ಉಂಗುಟ ಎಷ್ಟೋ ಸಲ ಅವನೇ ಹೊಲಿದುಕೊಟ್ಟಿದ್ದ. ಹುಡುಗ ಚೀಲವನ್ನು ಕಂಬಕ್ಕೆ ನೇತುಹಾಕಿ, ಚೊಂಬಿನಲ್ಲಿ ನೀರು ತುಂಬಿಕೊಂಡು, ಒಂದೊಂದೇ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಕತೊಡಗಿದ. ಮಣ್ಣು ಸಣ್ಣಗೆ ಸದ್ದು ಮಾಡುತ್ತಾ ನೀರನ್ನು ಎಳೆದುಕೊಳ್ಳುವುದು ನನಗೆ ಕೂತಲ್ಲಿಗೇ ಕೇಳಿಸಿತು. ಕಾಫಿಯ ಲೋಟವನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಒಂದು ಗಳಿಗೆ ತಲೆ ಬಗ್ಗಿಸಿ ಕೂತ.

ನಾನು ಎದ್ದು ನಿಂತೆ. ಅವನು ಓಡಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಎರಡು ವರ್ಷ ಆಯ್ತಕ್ಕ. ಟೀಚರ್ ಅತ್ತ ಹೋದ ಮೇಲೆ ಇತ್ತ ಬರ್ತಿದ್ದೆ. ಇಬ್ಬರೂ ಸೇರಿ ಹಾಕ್ತಿದ್ವಿ. ಅವಳು ಹೋದ ಮೇಲೆ ಒಂದಷ್ಟು ದಿನ ಬರೋಕೆ ಧೈರ್ಯ ಬರಲಿಲ್ಲ. ಆಮೇಲೆ ಮನಸ್ಸು ತಡೀಲಿಲ್ಲ."

"ಹೆಣ್ಣು ಕೊಡಿ ಅಂತ ಟೀಚರನ್ನ ಕೇಳಬೇಕಿತ್ತಲ್ಲಪ್ಪಾ."

"ಕೇಳಿದ್ದೆ. ಒಬ್ಬನೇ ಬಂದಿದ್ದೆ, ಇಸ್ತ್ರಿ ಶರಟು ಹಾಕ್ಕೊಂಡು. ಗೇಟು ತೆಗೀಲಿಲ್ಲ. ನಿಂತು ನಿಂತು ಬಾಯಾರಿ ಸ್ವಲ್ಪ ನೀರು ಕೊಡಿ ಅಂದೆ. ಚೊಂಬು ತಂದು ಕೈ ಒಡ್ಡು ಅಂದ್ರು. ಮೇಲಿಂದ ಹೊಯ್ದರು." ಅವನು ತನ್ನ ಬೊಗಸೆಯನ್ನು ನೋಡಿಕೊಂಡ. "ಭಾರ್ಗವಿ ಕಿಟಕೀಲಿ ನಿಂತು ನೋಡ್ತಿದ್ದಳು. ಮಾರನೇ ದಿನ ಹಿತ್ತಲ ಬಾಗಿಲು ತೆಗೆದು ಒಳಗೆ ಕರೆದಳು. ಅದೇ ಚೊಂಬು ತಂದು, ಹಿಡಿ ಅಂದಳು."

ನಮ್ಮೂರಿನ ಲೆಕ್ಕದಲ್ಲಿ ಆ ಹುಡುಗಿ ಎರಡು ವರ್ಷದ ಹಿಂದೆಯೇ ಮದುವೆಯಾಗಿದ್ದಳು.

"ಟೀಚರಿಗೆ ಹೇಳಬೇಡಿ ಅಕ್ಕ. ಮಗಳು ಬರ್ತಾಳೆ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ ಬಿಡಿ, ಅದರಿಂದ ಯಾರಿಗೇನು?"

ಎರಡು ದಿನ ಯೋಚನೆ ಮಾಡಿದೆ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೂರನೆಯ ದಿನ ಟೀಚರ್ ಮಾರುಕಟ್ಟೆಯಲ್ಲಿ ಸಿಕ್ಕಿ, ಶಾಲೆಗೆ ದೀರ್ಘ ರಜೆ ಬರೆದು ಹಾಕುತ್ತೇನೆ, ಬೆಳಗ್ಗೆ ಪರದೆಯ ಹಿಂದೆ ಕೂತು ಮಗಳನ್ನು ಒಂದು ಸಲ ನೋಡಿಬಿಡುತ್ತೇನೆ ಎಂದರು. ಪರದೆ ಸರಿಸಿದಾಗ ಅವರಿಗೆ ಕಾಣುವುದು ಯಾರೆಂದು ನನಗೆ ಗೊತ್ತಿತ್ತಲ್ಲ. ಅಲ್ಲೇ ತೆಂಗಿನಕಾಯಿ ಅಂಗಡಿಯ ಪಕ್ಕಕ್ಕೆ ಕರೆದೊಯ್ದು ಎಲ್ಲವನ್ನೂ ಹೇಳಿದೆ.

ಅವರು ಕೂಗಾಡಲಿಲ್ಲ. ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು, "ನನ್ನ ಹಿತ್ತಲಿಗೆ, ಕಳ್ಳನ ಹಾಗೆ" ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಎರಡು ವರ್ಷ. ನನ್ನ ಜೊತೆ ದಿನಾ ಊಟ ಮಾಡ್ತಾ ಎರಡು ವರ್ಷ" ಎಂದರು. ಚೀಲವನ್ನು ಅಲ್ಲೇ ಬಿಟ್ಟು ನಡೆದುಹೋದರು. ಸಂಜೆಯ ಹೊತ್ತಿಗೆ ಓಣಿಯ ಬಾಗಿಲಿಗೆ ಬೀಗ ಬಿದ್ದಿತ್ತು.

ಆರು ದಿನ ಆ ಮನೆಯ ಕಡೆ ನಾನು ಹೋಗಲಿಲ್ಲ. ಚೆಲುವರಾಜು ಬೆಳಗ್ಗೆ ಓಣಿಗೆ ಬಂದು, ಬೀಗ ನೋಡಿ, ಹಿಂದಿರುಗುತ್ತಾನೆಂದು ಪಕ್ಕದ ಮನೆಯವರು ಹೇಳಿದರು. ಏಳನೆಯ ದಿನ ಟೀಚರೇ ನನ್ನ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಬಿಚ್ಚಿದರೆ ಒಳಗೆ ಬಿಗೋನಿಯಾದ ಎಲೆಗಳು, ಅಂಚು ಕಂದಿ ಮುದುರಿದ್ದವು.

"ನಿನ್ನೆಯಿಂದ ಉದುರ್ತಾ ಇವೆ. ನನ್ನ ಜೊತೆ ಆಸ್ಪತ್ರೆಗೆ ಬಾ" ಎಂದರು.

ಲ್ಯಾಬಿನ ಮುಂದೆ ಹತ್ತು ಹನ್ನೆರಡು ಜನರ ಸಾಲು. ಮುಂದೆ ಹೋಗಿ ಕರೆಯೋಣವೆಂದರೆ ಟೀಚರ್ ಒಪ್ಪಲಿಲ್ಲ. ಸಾಲಿನಲ್ಲೇ ನಿಂತರು. ನಮ್ಮ ಸರದಿ ಬಂದಾಗ ಚೆಲುವರಾಜು ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಹತ್ತಿಯನ್ನು ಬಿಟ್ಟುಬಿಟ್ಟ.

"ಟೀಚರ್... ಹುಷಾರಿಲ್ವಾ?"

"ನನಗೇನೂ ಆಗಿಲ್ಲ. ಅವಳ ರಕ್ತ ತೆಗೆದವನು ನೀನೇನಾ?"

"ಹೌದು ಟೀಚರ್. ನೀವು ಪಕ್ಕದಲ್ಲೇ ಕೂತಿದ್ರಿ."

"ನಾನು ನಿನ್ನ ಮುಖ ನೋಡಲಿಲ್ಲ." ಅವರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ಆ ಗಿಡಗಳು ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ. ನೀನು ನನಗೆ ಕೈ ಬದಲಿಸಿಕೊಡು. ನಾಳೆ ಆರೂವರೆಗೆ ಬಾ. ಮುಂಬಾಗಿಲಿಂದ ಬಾ."

ಮಾರನೆಯ ದಿನ ಆರೂಕಾಲಿಗೇ ಅವನು ಗೇಟಿನ ಹೊರಗೆ ನಿಂತಿದ್ದ. ನಾನು ಹೋಗಿ ಕರೆದುಕೊಂಡು ಬಂದೆ. ವರಾಂಡದಲ್ಲಿ ಟೀಚರ್ ಹಿತ್ತಾಳೆಯ ಚೊಂಬನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದುಕೊಂಡಿದ್ದರು. ಅವನು ಕೆಳಗಿನಿಂದ ಹಿಡಿದ. ನಡುವೆ ಒಂದು ಗೇಣು ಜಾಗವಿತ್ತು.

"ಹಾಗಲ್ಲ ಟೀಚರ್. ನಿಮ್ಮ ಅಂಗೈ ಅವನ ಕೈ ಮೇಲೆ ಬರಬೇಕು, ಪೂರ್ತಿ" ಎಂದೆ.

ಅವರು ಅಂಚಿನಿಂದ ಬೆರಳು ತೆಗೆದು, ಅಂಗೈ ತಂದು ಇಟ್ಟರು. ಮೊದಲ ಕುಂಡಕ್ಕೆ ಬಗ್ಗಿದಾಗ ನೀರು ಅರ್ಧ ಒಳಗೆ, ಅರ್ಧ ಹೊರಗೆ ಬಿತ್ತು. ಎರಡನೆಯದರ ಮುಂದೆ ಟೀಚರ್, ಅವನ ಕಡೆ ನೋಡದೆ, "ಆವತ್ತು ನೀನು ನೀರು ಕೇಳಿದೆ" ಎಂದರು.

"ಬಾಯಾರಿತ್ತು ಟೀಚರ್."

"ಹೂಂ."

ಅಷ್ಟೇ. ಹದಿನೇಳೂ ಕುಂಡಗಳಾಗುವ ಹೊತ್ತಿಗೆ ಟೀಚರ್ ಸೀರೆಯ ನೆರಿಗೆಯೆಲ್ಲ ಒದ್ದೆಯಾಗಿತ್ತು.

ಕೈ ಬದಲಿಸುವುದು ಬರೀ ನೀರಿನ ಮಾತಲ್ಲ, ಯಾವ ಗಿಡ ಏನು ಕೇಳುತ್ತದೆ ಎನ್ನುವುದನ್ನೂ ಒಪ್ಪಿಸಬೇಕು. ಟೀಚರಿಗೆ ಅದೊಂದೂ ತಿಳಿದಿರಲಿಲ್ಲ. ಚೆಲುವರಾಜು ಮೆಲ್ಲಗೆ ಹೇಳಿಕೊಡುತ್ತಾ ಹೋದ. ಬಿಗೋನಿಯಾದ ಎಲೆಗೆ ನೀರು ತಾಗಬಾರದು, ಬುಡಕ್ಕೆ ಮಾತ್ರ. ಸ್ನೇಕ್ ಪ್ಲಾಂಟಿಗೆ ಈ ಇಪ್ಪತ್ತೊಂದು ದಿನವೂ ಒಂದೊಂದು ಚಮಚ ಸಾಕು, ಹೆಚ್ಚಾದರೆ ಬೇರು ಕೊಳೆಯುತ್ತದೆ. ಕ್ರೋಟನ್ನನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಬಣ್ಣ ಬರುತ್ತದೆ. ಆಂಥೂರಿಯಂನ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಕೆಳಗೆ ಇನ್ನೊಂದು ಕೈ ಆಸರೆ ಕೊಡಬೇಕು. ಟೀಚರ್ ಮೊದಮೊದಲು ತಲೆಯಾಡಿಸುತ್ತಿದ್ದರು. ಐದಾರು ದಿನಗಳಲ್ಲಿ ಪ್ರಶ್ನೆ ಕೇಳತೊಡಗಿದರು. ಪ್ರಶ್ನೆಗಳು ಗಿಡದಿಂದ ಶುರುವಾಗಿ ಬೇರೆಲ್ಲಿಗೋ ಹೋಗುತ್ತಿದ್ದವು.

"ಈ ಗಿಡ್ಡ ಕ್ರೋಟನ್ನಿಗೆ ಅವಳು ಏನೋ ಹೆಸರಿಟ್ಟಿದ್ದಳಲ್ಲ?"

"ರಾಮಶೇಷಯ್ಯ ಅಂತ. ಪಿಂಚಣಿ ತಗೊಳ್ಳೋಕೆ ಬರೋ ತಾತ ಒಬ್ಬರು ಬಣ್ಣಬಣ್ಣದ ಮಫ್ಲರ್ ಸುತ್ಕೊಂಡು ಬರ್ತಾರಂತೆ. ಈ ಮನಿಪ್ಲಾಂಟು ರಿಜಿಸ್ಟರ್ ಪೋಸ್ಟ್. ಯಾವಾಗ ನೋಡಿದ್ರೂ ಎಲ್ಲಿಗೋ ಹೊರಟಿರುತ್ತೆ ಅಂತಿದ್ದಳು."

ಟೀಚರ್ ನಕ್ಕುಬಿಟ್ಟರು. ನಕ್ಕ ತಕ್ಷಣ ಬಾಯಿಗೆ ಸೆರಗು ಒತ್ತಿ ಹಿಡಿದರು. ಚೊಂಬು ಚೆಲುವರಾಜುವಿನ ಕೈಯಲ್ಲೇ ಉಳಿಯಿತು. ಅವನು ಹಾಗೇ ಹಿಡಿದುಕೊಂಡು ಅವರ ಅಳು ಮುಗಿಯುವವರೆಗೆ ಕಾದ. ಆಮೇಲೆ ಅವರ ಕೈ ತಾನಾಗಿಯೇ ಬಂದು ಅವನ ಕೈಯ ಮೇಲೆ ಕೂತಿತು.

ಆವತ್ತಿನಿಂದ ನೀರು ಹಾಕಿದ ಮೇಲೆ ಅವನಿಗೆ ಒಳಗೆ ತಿಂಡಿ. ಮೊದಲ ದಿನ ಅವನು ತಟ್ಟೆ ಹಿಡಿದುಕೊಂಡು ವರಾಂಡಕ್ಕೆ ಬರಲು ಹೊರಟಾಗ ಟೀಚರ್, "ಕೂತ್ಕೊಂಡು ತಿನ್ನು, ಹೊರಗೆ ಇರುವೆ ಇದೆ" ಎಂದರು. ಇರುವೆಯೇನೂ ಇರಲಿಲ್ಲ.

ಹದಿನೇಳನೆಯ ದಿನ ಬೆಳಗ್ಗೆ ನಾವು ಹೋದಾಗ ಮನೆಗೆ ಬೀಗ ಹಾಕಿತ್ತು. ಟೀಚರ್ ಬಂದದ್ದು ಮಧ್ಯಾಹ್ನ. ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ, ದಿನ ಮರೆತೇಹೋಯಿತು ಎಂದರು. ನಮ್ಮೂರಲ್ಲಿ ಯಾರೂ ಆ ದಿನಗಳನ್ನು ಮರೆಯುವುದಿಲ್ಲ. ಗಣಿತದ ಟೀಚರಂತೂ ಮರೆಯುವ ಮಾತೇ ಅಲ್ಲ. ಆದರೂ ದುಃಖದಲ್ಲಿರುವವರು ಎಂದುಕೊಂಡು ಸುಮ್ಮನಾದೆ. ಮತ್ತೆ ಒಂದರಿಂದ ಶುರು ಮಾಡಿದೆವು.

ಎರಡನೆಯ ಸಲ ಹತ್ತೊಂಬತ್ತು ದಿನ ಸರಿಯಾಗಿ ನಡೆಯಿತು. ಇಪ್ಪತ್ತನೆಯ ದಿನ ಟೀಚರ್ ಬಾಗಿಲು ತೆಗೆಯಲೇ ಇಲ್ಲ. ಒಳಗಿನಿಂದಲೇ, "ತಲೆನೋವು, ಇವತ್ತು ಆಗಲ್ಲ" ಎಂದರು. ಚೆಲುವರಾಜು ಕಿಟಕಿಯ ಹತ್ತಿರ ಹೋಗಿ, "ಮಾತ್ರೆ ತಂದುಕೊಡ್ಲಾ ಟೀಚರ್?" ಎಂದು ಕೇಳಿದ. "ಬೇಡ. ನಾಳೆ ಬಾ. ಗಿಡಕ್ಕೆ ನೀನೇ ಹಾಕಿ ಹೋಗು" ಎಂದರು. ಅವನು ಒಬ್ಬನೇ ಹದಿನೇಳಕ್ಕೂ ಹಾಕಿದ. ಹೊರಗೆ ಬರುವಾಗ ಅವನ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಅದನ್ನು ಕಂಡೇ ನನಗೆ ವಿಷಯ ಅರ್ಥವಾಯಿತು.

"ಅವರು ಬೇಕಂತಲೇ ತಪ್ಪಿಸ್ತಿದಾರೆ, ಗೊತ್ತಾ ನಿನಗೆ?" ಎಂದೆ.

"ಗೊತ್ತು. ತಪ್ಪಿಸಲಿ ಬಿಡಿ. ನನಗೂ ಮುಗಿಸೋಕೆ ಮನಸ್ಸಿಲ್ಲ" ಎಂದ.

ನಾನೂ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಅದೇ ವಾರ ಅವನ ಅಕ್ಕ ಮಾದೇವಿ ನನ್ನನ್ನು ಹುಡುಕಿಕೊಂಡು ಬಂದಳು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಓದಿಸಿದವಳು ಅವಳೇ. ಒಳಗೆ ಬಂದವಳು ಕೂರಲೂ ಇಲ್ಲ.

"ನಮ್ಮ ಹುಡುಗನ ಕೈ ಬಿಡಿಸಿಕೊಡಿ ಅಕ್ಕಾ. ಪಕ್ಕದ ಜಿಲ್ಲೆಯ ದೊಡ್ಡಾಸ್ಪತ್ರೇಲಿ ಅವನಿಗೆ ಕೆಲಸ ಆಗಿ ಎರಡು ತಿಂಗಳಾಯ್ತು. ಬರ್ತೀನಿ, ಬರ್ತೀನಿ ಅಂತ ಕಾಗದ ಬರೆದು ಮುಂದಕ್ಕೆ ಹಾಕ್ತಾವನೆ. ಈ ತಿಂಗಳು ಹೋಗದಿದ್ರೆ ಆ ಕೆಲಸ ಬೇರೆಯವರ ಪಾಲು. ಒಂದು ಹುಡುಗಿ ನೋಡಿದೀನಿ, ಅಲ್ಲೇ ನರ್ಸು. ಅವಳಿಗೆ ಎಲ್ಲಾ ಹೇಳಿದೀನಿ, ಒಂದೂ ಮುಚ್ಚಿಟ್ಟಿಲ್ಲ. ಕಾಯ್ತೀನಿ ಅಂದಿದಾಳೆ. ಎಷ್ಟು ದಿನ ಕಾಯ್ತಾಳೆ? ಸತ್ತೋಳು ನನಗೂ ಬೇಕಾದೋಳೇ. ಆದರೆ ಇವನು ಬದುಕಿದಾನಲ್ಲ!"

ಅವಳು ಹೋದ ಮೇಲೆ ನೇರ ಟೀಚರ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಜರೀಗಿಡದ ಒಣಗಿದ ಗರಿಗಳನ್ನು ಬಿಡಿಸುತ್ತಿದ್ದರು. ಮಾದೇವಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಇಪ್ಪತ್ತೊಂದು ಆದ ಮೇಲೆ ಅವನು ಈ ಮನೆಗೆ ಯಾಕೆ ಬರ್ತಾನೆ ಹೇಳು ಸಾಕಮ್ಮ?" ಎಂದರು. "ನನ್ನ ಮಗಳು ಹೇಗೆ ನಗ್ತಿದ್ದಳು, ಯಾವ ಹಾಡು ಗುನುಗ್ತಿದ್ದಳು, ನನ್ನ ಬಗ್ಗೆ ಏನು ಹೇಳ್ತಿದ್ದಳು, ಎಲ್ಲಾ ಅವನ ಹತ್ತಿರ ಇದೆ. ನನ್ನ ಹತ್ತಿರ ಏನೂ ಇಲ್ಲ. ದಿನಕ್ಕೆ ಒಂದೋ ಎರಡೋ ಮಾತು ಹೇಳ್ತಾನೆ. ನಾನು ಅದಕ್ಕೇ ಕಾದಿರ್ತೀನಿ."

"ಅವನಿಗೆ ಕೆಲಸದ ವಿಷಯ ನಿಮ್ಮ ಹತ್ತಿರ ಹೇಳೋಕೆ ಬಾಯಿ ಬಂದಿಲ್ಲ ಟೀಚರ್."

"ಬರಲ್ಲ. ಮೊದಲನೇ ಸಲ ಬಾಯಿಬಿಟ್ಟು ಕೇಳಿದಾಗ ನಾನು ಏನು ಮಾಡಿದೆ ಅಂತ ಗೊತ್ತಲ್ಲ ಅವನಿಗೆ."

ಗರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಎದ್ದು ಒಳಗೆ ಹೋದರು. ನಾನು ಕಾದೆ. ತಿರುಗಿ ಬರಲಿಲ್ಲ.

ಮೂರನೆಯ ಸಲ ಶುರುವಾಯಿತು. ಈ ಸಲ ಟೀಚರ್ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಬೆಳಗ್ಗೆ ನಿಜವಾಗಿಯೇ ಜ್ವರವಿತ್ತು. ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಬಂದರು. ಸುಡುವ ಅಂಗೈಯನ್ನು ಅವನ ಕೈಯ ಮೇಲಿಟ್ಟರು. "ಇವತ್ತು ಬೇಡ ಟೀಚರ್, ಮಲಗಿ" ಎಂದು ಅವನೇ ಚೊಂಬನ್ನು ಕೆಳಗಿಡಲು ನೋಡಿದ. ಅವರು ಬಿಡಲಿಲ್ಲ. "ಎತ್ತು" ಎಂದರು, ತರಗತಿಯ ದನಿಯಲ್ಲಿ. ಇನ್ನೊಂದು ದಿನ ಆಂಥೂರಿಯಂನ ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳ ಕಾಣಿಸಿತು. ಅವನು ಹೇಳಿಕೊಡುವ ಮೊದಲೇ ಟೀಚರ್ ಬೇವಿನೆಣ್ಣೆಯಲ್ಲಿ ಹತ್ತಿ ಅದ್ದಿಕೊಂಡು ಬಂದು ಒಂದೊಂದನ್ನೇ ಒರೆಸಿ ತೆಗೆದರು. ಅವನು ನನ್ನ ಕಡೆ ನೋಡಿದ. ಇನ್ನು ತಾನು ಹೇಳಿಕೊಡಬೇಕಾದ್ದು ಏನೂ ಉಳಿದಿಲ್ಲ ಎನ್ನುವುದು ಆವತ್ತು ಅವನಿಗೆ ತಿಳಿಯಿತೆಂದು ಕಾಣುತ್ತದೆ.

ಹದಿನೆಂಟನೆಯ ದಿನ ತಿಂಡಿಯ ಹೊತ್ತಿನಲ್ಲಿ ಟೀಚರ್ ತಾವೇ ಮಾತೆತ್ತಿದರು.

"ಕೆಲಸ ಯಾವ ಊರಲ್ಲಂತೆ?"

ಚೆಲುವರಾಜು ತುತ್ತನ್ನು ಹಾಗೇ ಹಿಡಿದುಕೊಂಡ. ಊರಿನ ಹೆಸರು ಹೇಳಿದ.

"ಹುಡುಗಿ ಹೆಸರು?"

"ಟೀಚರ್, ಅದು ಅಕ್ಕ ಏನೋ..."

"ಹೆಸರು ಕೇಳಿದೆ."

"ನಿರಂಜನಿ."

"ಒಪ್ಪಿದೀಯಾ?"

ಅವನು ಹಿಡಿದ ತುತ್ತನ್ನು ತಟ್ಟೆಗೆ ಹಾಕಿದ. ಟೀಚರ್ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು. "ಭಾರ್ಗವಿ ಇದ್ದಾಗ ನಿಮ್ಮಿಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದೆ. ಅವಳು ಇಲ್ಲದಿರುವಾಗ ನಿನ್ನನ್ನ ಒಳಗೇ ಕೂಡಿ ಹಾಕ್ತಿದೀನಿ. ಎರಡೂ ತಪ್ಪೇ. ಒಂದನ್ನ ಸರಿ ಮಾಡೋಕಾಗಲ್ಲ. ಇನ್ನೊಂದನ್ನಾದರೂ ಮಾಡ್ತೀನಿ." ಚಟ್ನಿಯನ್ನೂ ಬಡಿಸುತ್ತಾ, "ಅವಳನ್ನ ಮರೀಬೇಕು ಅಂತ ನಾನು ಹೇಳ್ತಿಲ್ಲ" ಎಂದರು.

"ನನಗೆ ಆಗೋದೂ ಇಲ್ಲ ಟೀಚರ್."

"ಆ ಹುಡುಗಿಗೂ ಗೊತ್ತಲ್ಲ? ಗೊತ್ತಿದ್ದೂ ಬರ್ತೀನಿ ಅಂದಿದಾಳಲ್ಲ? ಹಾಗಿದ್ದ ಮೇಲೆ ಹೋಗು."

ಅವನು ಎಡಗೈಯಿಂದ ಕಣ್ಣೊರೆಸಿಕೊಂಡ. ದೋಸೆಯನ್ನು ಪೂರ್ತಿ ತಿಂದೆದ್ದ.

ಇಪ್ಪತ್ತೆರಡನೆಯ ಬೆಳಗ್ಗೆ ಪರೀಕ್ಷೆ ಇರುತ್ತದೆ. ಹೊಸ ಕೈ ಒಂದೇ ಹಾಕಬೇಕು, ಹಳೆಯ ಕೈ ದೂರ ನಿಂತು ನೋಡಬೇಕು. ಚೆಲುವರಾಜು ಕಂಬಕ್ಕೆ ಒರಗಿ ನಿಂತ. ಮಾದೇವಿಯೂ ಬಂದಿದ್ದಳು. ಟೀಚರ್ ಬಿಗೋನಿಯಾದ ಮುಂದೆ ಮಂಡಿಯೂರಿ, ಎಲೆಗೆ ತಾಗದ ಹಾಗೆ ಬುಡಕ್ಕೆ ನೀರು ಹೊಯ್ದರು. ನೀರು ನಿಂತಿತು. ಒಂದು ಗಳಿಗೆ ಹಾಗೇ ನಿಂತೇ ಇತ್ತು. ಟೀಚರ್ ಚೊಂಬನ್ನು ಕೆಳಗಿಡದೆ ಅದನ್ನೇ ನೋಡುತ್ತಿದ್ದರು. ಆಮೇಲೆ ನಡುವಿನಲ್ಲಿ ಸಣ್ಣದೊಂದು ಗುಳ್ಳೆ ಎದ್ದು ಒಡೆಯಿತು. ನೀರು ನಿಧಾನವಾಗಿ ಇಳಿದುಹೋಯಿತು. ಮಣ್ಣು ಕಪ್ಪಗಾಯಿತು.

"ಕುಡೀತು" ಎಂದಳು ಮಾದೇವಿ, ತನ್ನ ಮನೆಯದೇ ಕೂಸು ಹಾಲು ಕುಡಿದ ಹಾಗೆ.

ಟೀಚರ್ ಉಳಿದ ಹದಿನಾರಕ್ಕೂ ಹಾಕಿದರು. ಅವಸರ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ಒಳಗಿನಿಂದ ಚೂರಿ ತಂದು, ಬಿಗೋನಿಯಾದ ಒಂದು ಒಳ್ಳೆಯ ಕೊಂಬೆಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದರು. ಕೆಳಗಿನ ಎಲೆಗಳನ್ನು ಬಿಡಿಸಿ, ಒಣ ಕಾಗದದಲ್ಲಿ ಸುತ್ತಿ, ಚೆಲುವರಾಜುವಿಗೆ ಕೊಟ್ಟರು. ಕೈಯಿರುವ ಗಿಡದಿಂದ ಕತ್ತರಿಸಿದ ಕಡ್ಡಿಗೆ ಯಾರ ನೆನಪೂ ಇರುವುದಿಲ್ಲ. ಮೊದಲ ನೀರು ಯಾರು ಹಾಕುತ್ತಾರೋ ಅವರದೇ ಕೈ.

"ಎರಡು ದಿನ ನೀರಿಲ್ಲದೆ ತಡೆಯುತ್ತೆ. ಗಾಯ ಒಣಗಲಿ, ಆಮೇಲೆ ಊರು" ಎಂದರು. "ನೀನು ಹಾಕಬೇಡ. ಮೊದಲ ನೀರು ಆ ಹುಡುಗಿ ಹಾಕಲಿ. ಎಲೆ ಮೇಲೆ ಹಾಕಬಾರದು ಅಂತ ಹೇಳು ಅವಳಿಗೆ."

ಚೆಲುವರಾಜು ಬಗ್ಗಿ ಅವರ ಕಾಲು ಮುಟ್ಟಿದ. ಟೀಚರ್ ಅವನ ತಲೆಯ ಮೇಲೆ ಕೈಯಿಟ್ಟರು. ನೀರಿನಲ್ಲಿ ನೆಂದ ಕೈ ಅದು, ಅವನ ಕೂದಲಲ್ಲಿ ಐದು ಬೆರಳೂ ಮೂಡಿದವು.

ಮದುವೆ ಚೆಲುವರಾಜು ಕೆಲಸಕ್ಕೆ ಸೇರಿದ ಊರಿನ ಸಮುದಾಯ ಭವನದಲ್ಲಿ, ಎರಡು ತಿಂಗಳ ಮೇಲೆ. ಟೀಚರ್ ನನ್ನನ್ನೂ ಹೊರಡಿಸಿದರು. ಹಿಂದಿನ ದಿನವೇ ಎಲ್ಲ ಕುಂಡಗಳಿಗೂ ಚೆನ್ನಾಗಿ ನೀರುಣಿಸಿ, ಜರೀಗಿಡಗಳನ್ನು ನೆರಳಿಗೆ ಸರಿಸಿ, ಬಿಸಿಲಿಗೆ ಗೋಣಿಚೀಲ ಕಟ್ಟಿ ಬಂದಿದ್ದರು. ಧಾರೆಯ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಏನು ಯೋಚಿಸುತ್ತಿದ್ದಾರೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಚೆಲುವರಾಜು ನಮ್ಮನ್ನು ಕಂಡವನು ಬಾಸಿಂಗವನ್ನು ಒಂದು ಕೈಯಲ್ಲಿ ಸರಿಮಾಡಿಕೊಳ್ಳುತ್ತಾ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದ. ಆ ಹುಡುಗಿ ತಲೆಯೆತ್ತಿ ನಮ್ಮ ಕಡೆಯೇ ನೋಡಿದಳು.

ಊಟಕ್ಕೆ ಟೀಚರ್ ಮೊದಲ ಪಂಕ್ತಿಯಲ್ಲೇ ಕೂತರು, ಮಾದೇವಿಗೂ ನನಗೂ ನಡುವೆ. ಆ ಜನರ ಜೊತೆ ಒಂದೇ ಸಾಲಿನಲ್ಲಿ ಅವರು ಎಲೆ ಹಾಕಿಸಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು. ಬಡಿಸುತ್ತಿದ್ದ ಹೆಂಗಸು ಹುಡುಗಿಯ ಚಿಕ್ಕಮ್ಮನೋ ಯಾರೋ. ಹೋಳಿಗೆಯ ತಟ್ಟೆ ಹಿಡಿದು ಬಂದವಳು ಟೀಚರ ಮುಂದೆ ನಿಂತು, ಗುರುತು ಸಿಗದೆ ನಕ್ಕಳು.

"ಅಮ್ಮಾವ್ರು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

ಮಾದೇವಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಟೀಚರ್ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೊನೆಯ ಬೆಂಚಿಗೂ ಕೇಳಿಸುವ ಆ ದನಿಯಲ್ಲಿ ಹೇಳಿದರು:

"ಗಂಡಿನ ಕಡೆ."